ಪೆಲೆಟ್ ಒಲೆ ಅರೆಬರೆ ಉರಿಯುತ್ತಿದ್ದರೆ

ಮರದ ಹೊಟ್ಟು, ಭತ್ತದ ಹೊಟ್ಟಿನಂಥದ್ದನ್ನು ಒತ್ತಿ ಮಾಡಿದ ಉರುವಲ ಗುಳಿಗೆಯೇ ಪೆಲೆಟ್. ಅದನ್ನು ಉರಿಸುವ ಒಲೆ ಹೊಗೆ ಕಾರತೊಡಗಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಪೆಲೆಟ್ ಬೀಳುವ ವೇಗದ ತಿರುಪಿಗೆ. ಉರಿ ಸಾಲದಿದ್ದರೆ ಇನ್ನೆರಡು ಸೌದೆ ಒಟ್ಟುವ ಹಳೇ ರೂಢಿ ಅದು. ಬಚ್ಚಲ ಒಲೆಗೆ ನಡೆದೀತು. ಇಲ್ಲಿ ಪೆಲೆಟ್ ಉರಿಯುವ ಬಟ್ಟಲು ತುಂಬಿ, ಇದ್ದ ಉರಿಯೂ ಉಸಿರುಗಟ್ಟುತ್ತದೆ. ಬೂದಿ ತಟ್ಟೆಯಲ್ಲಿ ಕಪ್ಪಗೆ ಅರೆಸುಟ್ಟ ಪೆಲೆಟ್ ಕಂಡರೆ ಬಹುತೇಕ ಗಾಳಿ ಕಟ್ಟಿದೆ, ಇಲ್ಲವೇ ಉರುವಲು ತೇವವಾಗಿದೆ. ತಿರುಪಿನ ಸರದಿ ಕೊನೆಗೆ.

ಮೊದಲು ಚೀಲ ನೋಡಿ. ತೀರ್ಥಹಳ್ಳಿ, ಹೊಸನಗರದ ಜಡಿಮಳೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಸುಮ್ಮನೆ ತೇವ ಎಳೆದುಕೊಳ್ಳುತ್ತದೆ. ಪೆಲೆಟ್ ಮುರಿದರೆ ಟಕ್ಕೆನ್ನಬೇಕು, ಬೆರಳಲ್ಲಿ ಹುಡಿಯಾಗಬಾರದು. ಪೆಲೆಟ್ ಜೊತೆ ಮೆಕ್ಕೆಜೋಳವನ್ನೂ ಉರಿಸುವುದಾದರೆ, ಅದರ ಕಾಳು ಹಲ್ಲಿಗೆ ಸಿಕ್ಕಿದರೆ ಕಟ್ಟನೆ ಒಡೆಯಬೇಕು. ಕಾಳಿನ ತೇವ ಶೇ 15 ದಾಟಿದ್ದರೆ ಬಿಸಿಲಿಗೆ ಹರವಿ. ಶಿಕಾರಿಪುರ, ಸೊರಬದ ಕಡೆ ಹುಳ ಹತ್ತಿದ ಮೆಕ್ಕೆಜೋಳ ಸುಲಭಕ್ಕೆ ಸಿಗುತ್ತದೆ, ಬಳಸಿ. ಆದರೆ ಬಿತ್ತನೆಗೆಂದು ಔಷಧ ಹಚ್ಚಿದ ಬಣ್ಣದ ಬೀಜ ಮಾತ್ರ ಒಲೆಗೆ ಬೇಡವೇ ಬೇಡ, ಅದರ ಹೊಗೆ ವಿಷ. ಪೆಲೆಟ್ಟನ್ನು ಜರಡಿ ಹಿಡಿದು ಹುಡಿ ತೆಗೆದೇ ಸುರಿಯಿರಿ. ಅಗ್ಗ ಎಂದು ಭತ್ತದ ಹೊಟ್ಟಿನ ಪೆಲೆಟ್ ತರುವವರಿಗೆ ಒಂದು ಲೆಕ್ಕ: ಕೆಜಿಗೆ 150ರಿಂದ 200 ಗ್ರಾಂ ಬೂದಿ ಉಳಿಯುತ್ತದೆ. ಶುದ್ಧ ಮರದ ಹೊಟ್ಟಿನದಾದರೆ 10 ಗ್ರಾಂ ಆಸುಪಾಸು.

ಈಗ ಎಲ್ಲರೂ ಎಡವುವ ಕೆಲಸ: ಪೆಲೆಟ್ ಬಿದ್ದು ಉರಿಯುವ ತೂತಿನ ಬಟ್ಟಲು. ಪೆಲೆಟ್ ಬೀಳುವುದನ್ನು ನಿಲ್ಲಿಸಿ, ಫ್ಯಾನ್ ಓಡುತ್ತಿರಲಿ, ಕೆಂಡವೆಲ್ಲ ಉರಿದು ಮುಗಿಯಲಿ. ಪೂರ್ತಿ ತಣಿದ ಮೇಲೇ ಬಟ್ಟಲು ಎತ್ತಿ. ಅವಸರಕ್ಕೆ ನೀರು ಹೊಯ್ದರೆ ಎರಕದ ಬಟ್ಟಲು ಸೀಳುತ್ತದೆ. ತಳದಲ್ಲಿ ಗಾಜಿನಂತೆ ಗಟ್ಟಿಯಾದ ಬಿಲ್ಲೆ ಕೂತಿದ್ದರೆ ಅದೇ ಕಿಟ್ಟ. ಜೋಳದ ಬೂದಿಯಲ್ಲಿ ಪೊಟ್ಯಾಶ್, ರಂಜಕ ಹೆಚ್ಚು. ಅದು ಬೇಗ ಕರಗಿ ತೂತುಗಳ ಮೇಲೆ ಹರಿದು ಹೆಪ್ಪುಗಟ್ಟುತ್ತದೆ. ಹಳೇ ಉಳಿಯಿಂದ ಅಂಚು ಮೀಟಿದರೆ ಬಿಲ್ಲೆ ಇಡಿಯಾಗಿ ಏಳುತ್ತದೆ. ಬಳಿಕ ಪ್ರತಿ ತೂತಿಗೂ ಅದರಷ್ಟೇ ದಪ್ಪದ ಮೊಳೆ ತೂರಿಸಿ ತಿರುಗಿಸಿ. ದಪ್ಪ ಮೊಳೆ ಹೊಡೆದು ತೂತು ಹಿಗ್ಗಿಸಿದರೆ ಗಾಳಿಯೆಲ್ಲ ಅಲ್ಲೇ ನುಗ್ಗುತ್ತದೆ, ಉಳಿದ ತೂತುಗಳು ಇದ್ದೂ ಇಲ್ಲದಂತೆ. ಬಟ್ಟಲನ್ನು ಬೆಳಕಿಗೆ ಹಿಡಿಯಿರಿ: ಒಂದೊಂದು ತೂತಿನಲ್ಲೂ ಆಕಾಶ ಕಾಣಬೇಕು.

ಇಷ್ಟಕ್ಕೇ ಬಟ್ಟಲು ಇಟ್ಟುಬಿಡಬೇಡಿ. ಅದರಡಿಯ ಗಾಳಿಗೂಡಿನಲ್ಲೂ ಬೂದಿ ಇಳಿದಿರುತ್ತದೆ. ಅದನ್ನು ತೋಡಿ, ಬಟ್ಟಲು ಕೂರುವ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ. ಕೂರಿಸಿದಾಗ ಅಲುಗಾಡಿದರೆ ಗಾಳಿ ತೂತು ಬಿಟ್ಟು ಸಂದಿಯಲ್ಲಿ ನುಸುಳುತ್ತದೆ.

ಕಿಟ್ಟ ಕಟ್ಟದಿರಲು 20 ಕೆಜಿ ಜೋಳಕ್ಕೆ ಒಂದು ಲೋಟ ಕಪ್ಪೆಚಿಪ್ಪಿನ ನುಚ್ಚು ಬೆರೆಸಿ. ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದಲ್ಲಿ ಬರುವ ‘ಮಸಿ ತೆಗೆಯುವ ಪುಡಿ’ ಈ ಬಿಲ್ಲೆಯ ಮುಂದೆ ನಡೆಯುವುದಿಲ್ಲ, ದುಡ್ಡು ದಂಡ. ಬೂದಿ ಕಲಕುವ ಸಲಾಕೆ ಇಲ್ಲದ ಒಲೆಯಲ್ಲಿ ಬರೀ ಜೋಳ ಬೇಡ; ಮೂರು ಪಾಲು ಪೆಲೆಟ್‌ಗೆ ಒಂದು ಪಾಲು ಸಾಕು.

ಫ್ಯಾನಿನ ರೆಕ್ಕೆ ಬ್ರಷ್‌ನಿಂದ ಉಜ್ಜಿ, ಚಿಮಣಿಯ ಮಸಿ ಇಳಿಸಿ. ಮಳೆಗಾಲ ಕಳೆದ ಮೇಲೆ ಅಲ್ಲಿ ಕಣಜದ ಗೂಡೂ ಇರಬಹುದು. ಒಲೆಯ ಬಾಗಿಲಿಗೆ ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಬಾಗಿಲ ಸುತ್ತ ಗಾಳಿ ತಡೆಯುವ ಹಗ್ಗ ಬದಲಿಸಿ. ಸಂಜೆ ಹೊತ್ತು ಮಾತ್ರ ಹೊಗೆ ಬಂದರೆ ಒಲೆಯನ್ನು ಬೈಯಬೇಡಿ: ವೋಲ್ಟೇಜ್ ಇಳಿದು ಫ್ಯಾನ್ ತೆವಳುತ್ತಿರುತ್ತದೆ.

ಹೊತ್ತಿಸಿ, ಕಾಲು ಗಂಟೆ ಕಾದು ಉರಿ ನೋಡಿ. ತುದಿ ಕಪ್ಪಾಗಿ, ಮೆಲ್ಲಗೆ ಓಲಾಡುವ ಕೆಂಪುರಿಗೆ ಗಾಳಿ ಸಾಲದು. ಗಿಡ್ಡಗೆ, ಬೆಳ್ಳಗೆ ಬುಸುಗುಟ್ಟಿ ಕಿಡಿ ಹಾರಿಸಿದರೆ ಗಾಳಿ ಹೆಚ್ಚಾಯಿತು. ಆಗಲೂ ಅರೆಸುಟ್ಟ ಪೆಲೆಟ್ ಬಟ್ಟಲಿಂದ ಹೊರಹಾರಿ ಬೂದಿ ಸೇರುತ್ತದೆ. ಬೇಕಾದ್ದು ಹೊಂಬಣ್ಣದ, ಚುರುಕಾದ ಉರಿ. ಮೊದಲು ಗಾಳಿಯ ತಿರುಪು ಒಂದಿಷ್ಟು, ಮತ್ತೆ ಕಾಲು ಗಂಟೆ ಕಾಯುವುದು, ಆಮೇಲಷ್ಟೇ ಪೆಲೆಟ್‌ನದು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸರಿಯಾದ ಜಾಗ ಸಿಕ್ಕಿದ ಮೇಲೆ ತಿರುಪಿನ ಪಕ್ಕ ಬಣ್ಣದ ಗೀಟು ಹಾಕಿ, ಜೋಳ ಬೆರೆಸುವ ದಿನಕ್ಕೆ ಬೇರೆಯೇ ಗೀಟು.