ನಡೆಯುವವರ ತಲೆಯಿಂದ ಇಇಜಿ ತೆಗೆದದ್ದು: ನನ್ನ ಅನುಭವ

ಇಇಜಿ ಅಂದರೆ ಮೆದುಳಿನ ವಿದ್ಯುತ್ ಸಂಕೇತವನ್ನು ತಲೆಯ ಮೇಲಿಂದ ದಾಖಲಿಸುವುದು. ಅದಕ್ಕೆ ಕುರ್ಚಿಯಲ್ಲಿ ಕೂರಿಸಿ "ಅಲ್ಲಾಡಬೇಡಿ" ಅನ್ನುವುದು ರೂಢಿ. ನನಗೆ ಬೇಕಿದ್ದದ್ದು ನಡೆಯುವವರ ಮೆದುಳು. 24 ಎಲೆಕ್ಟ್ರೋಡ್‌ಗಳ (ಸಂಕೇತ ಹಿಡಿಯುವ ಪುಟ್ಟ ಬಿಲ್ಲೆಗಳ) ಟೋಪಿ, ಅದರ ಹಿಂದೆಯೇ ಕಟ್ಟಿದ ಪುಟ್ಟ ಆಂಪ್ಲಿಫೈಯರ್, ಜೇಬಿನಲ್ಲಿ ಫೋನು. ಕಿವಿಯಲ್ಲಿ ಒಂದೇ ಥರದ ಬೀಪ್ ಕೇಳುತ್ತಿರುತ್ತದೆ, ಅಪರೂಪಕ್ಕೆ ಬೇರೆ ಸ್ವರ ಬಂದಾಗ ಎಣಿಸಬೇಕು. ಆ ಸ್ವರ ಕೇಳಿ ಸುಮಾರು 300 ಮಿಲಿಸೆಕೆಂಡ್ ಆದ ಮೇಲೆ ಏಳುವ ಅಲೆಯೇ ಪಿ300. ಜರ್ಮನಿಯ ಓಲ್ಡನ್‌ಬರ್ಗ್‌ನ ಸಂಶೋಧಕರು 2012ರಲ್ಲೇ ಹೊರಗೆ ನಡೆಯುವವರಲ್ಲಿ ಇದನ್ನು ಹಿಡಿದು ತೋರಿಸಿದ್ದರು, ಆ ಧೈರ್ಯದ ಮೇಲೆ ನಾನು ಶುರು ಮಾಡಿದೆ.

ಮೊದಲ ತೊಡಕು ಕೊಬ್ಬರಿ ಎಣ್ಣೆ. ಎಣ್ಣೆ ಕೂದಲಲ್ಲಿ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗುವುದೇ ಇಲ್ಲ. "ಹಿಂದಿನ ರಾತ್ರಿ ತಲೆಸ್ನಾನ ಮಾಡಿ, ಎಣ್ಣೆ ಬೇಡ, ಜಡೆ ಸಡಿಲವಾಗಿರಲಿ" ಅಂತ ಫೋನ್ ಮಾಡಿ ಹೇಳತೊಡಗಿದ ಮೇಲೆ ಅರ್ಧ ಕಷ್ಟ ಕಡಿಮೆಯಾಯಿತು.

ಆಮೇಲೆ ಒಂದು ದಿನ ಪರದೆ ಮೇಲೆ ಸೆಕೆಂಡಿಗೆ ಎರಡು ಸಲ ಏಳುವ ಚೆಂದದ ಅಲೆ ಬಂತು. ಮೆದುಳಿನದೇ ಅಂದುಕೊಂಡು ಎರಡು ದಿನ ಅದರ ಹಿಂದೆ ಬಿದ್ದೆ. ಟೋಪಿಯೊಳಗಿನ ಆಕ್ಸೆಲೆರೊಮೀಟರ್ (ಅಲುಗಾಟ ಅಳೆಯುವ ಸಾಧನ) ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ರತಿ ಅಲೆಯೂ ಒಂದೊಂದು ಹೆಜ್ಜೆ! ಹಿಮ್ಮಡಿ ನೆಲಕ್ಕೆ ತಾಗಿದಾಗಲೆಲ್ಲ ವೈರು ಅಲ್ಲಾಡುತ್ತಿತ್ತು. ಮೆದುಳಿನ ಸಂಕೇತ ಇರುವುದೇ ಹತ್ತಾರು ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋವೋಲ್ಟ್), ವೈರಿನ ಅಲುಗಾಟ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ವೈರುಗಳನ್ನು ಟೋಪಿಗೇ ಅಂಟಿಸಿ, ಮೇಲೆ ಬಲೆಬಟ್ಟೆ ಬಿಗಿದೆ. ಕುತ್ತಿಗೆಯ ಸ್ನಾಯು, ಕಣ್ಣುಮಿಟುಕಿನ ಗಲಾಟೆಯನ್ನು ಐಸಿಎ ಅನ್ನುವ, ಬೆರೆತ ಸಂಕೇತಗಳನ್ನು ಬಿಡಿಸುವ ಲೆಕ್ಕದಲ್ಲಿ ಬೇರ್ಪಡಿಸಿದೆ. ಆದರೆ ಸಡಿಲ ಟೋಪಿಯಿಂದ ಕೆಟ್ಟ ಡೇಟಾವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ, ಅದಕ್ಕೇ ಟೋಪಿ ಹಾಕುವುದಕ್ಕೆ ಜಾಸ್ತಿ ಸಮಯ ಕೊಡಿ ಅಂತ ಹೊಸಬರಿಗೆ ಹೇಳುತ್ತೇನೆ.

ಇಷ್ಟಾದರೂ ಪಿ300 ಮಸುಕಾಗಿಯೇ ಇತ್ತು. ಕಾರಣ ಬ್ಲೂಟೂತ್ ಇಯರ್‌ಫೋನ್. ಫೋನು ಬೀಪ್ ಕಳಿಸಿದ ಗಳಿಗೆ ಒಂದು, ಕಿವಿಗೆ ಕೇಳಿದ ಗಳಿಗೆ ಇನ್ನೊಂದು, ನಡುವಿನ ತಡವೂ ಒಂದೇ ಸಮ ಇರಲಿಲ್ಲ. ಅಂಥ ನೂರಾರು ಬೀಪ್‌ಗಳ ಸರಾಸರಿ ತೆಗೆದರೆ ಅಲೆ ಹರಡಿ ಚಪ್ಪಟೆಯಾಗುತ್ತದೆ, ಅಲ್ವಾ? ವೈರಿನ ಇಯರ್‌ಫೋನ್ ಹಾಕಿದ ದಿನವೇ ಅಲೆ ಎದ್ದು ಕಂಡಿತು. ಕುಳಿತಾಗಿನದಕ್ಕಿಂತ ನಡೆಯುವಾಗ ಅದು ಚಿಕ್ಕದು. ದಾರಿ ನೋಡುವುದಕ್ಕೂ ಗಮನ ಬೇಕಲ್ಲ, ಬೀಪಿಗೆ ಉಳಿಯುವ ಪಾಲು ಕಡಿಮೆ ಅಂತ ನನ್ನ ಅನಿಸಿಕೆ.

ಬಿಸಿಲಲ್ಲಿ ಬೆವರಿದರೆ ಗೆರೆ ನಿಧಾನವಾಗಿ ಜಾರುತ್ತದೆ, ಹಾಗಾಗಿ ಬೆಳಿಗ್ಗೆಯೇ ರೆಕಾರ್ಡ್ ಮಾಡುತ್ತೇನೆ. ಹೊರಡುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿಸುತ್ತೇನೆ. ಆಗ ತಲೆಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಏಳುವ 10 ಹರ್ಟ್ಸ್ (ಸೆಕೆಂಡಿಗೆ ಹತ್ತು ಸಲ) ಆಸುಪಾಸಿನ ಆಲ್ಫಾ ಅಲೆ ಕಾಣದಿದ್ದರೆ ಟೋಪಿ ತೆಗೆದು ಮತ್ತೆ ಹಾಕುತ್ತೇನೆ.