ಸೋಡಿಯಂ ಲ್ಯಾಂಪಿನ ಮುಂದೆ ಉಪ್ಪಿನ ಜ್ವಾಲೆ

ಚಿಲಿಯ ಪರಾನಲ್ ವೀಕ್ಷಣಾಲಯದಿಂದ ನಾಲ್ಕು ಕಿತ್ತಳೆ ಬಣ್ಣದ ಲೇಸರ್ ಕಿರಣಗಳು ಆಕಾಶಕ್ಕೆ ಹೊರಟಿರುವ ಫೋಟೋ ತೋರಿಸಿದರೆ ಬಿ.ಎಸ್ಸಿ. ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: ‘ಸರ್, ಈ ಬಣ್ಣವೇ ಯಾಕೆ? ಹಸಿರು ಲೇಸರ್ ಆಗಲ್ವಾ?’ ಮಡಿಕೇರಿಯಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಇದನ್ನು ಬೋರ್ಡಿನಲ್ಲಿ ವಿವರಿಸುವುದಕ್ಕಿಂತ ಲ್ಯಾಬಿನಲ್ಲಿ ತೋರಿಸುವುದೇ ಸಲೀಸು ಅನ್ನಿಸಿತು. ನ್ಯೂಟನ್ಸ್ ರಿಂಗ್ಸ್ ಪ್ರಯೋಗಕ್ಕೆ ಬಳಸುವ ಸೋಡಿಯಂ ಲ್ಯಾಂಪ್ ಹೇಗೂ ಇತ್ತು.

ಹಿನ್ನೆಲೆ ಇಷ್ಟೇ. ಗಾಳಿಯ ಅಲುಗಾಟದಿಂದ ದೂರದರ್ಶಕದಲ್ಲಿ ನಕ್ಷತ್ರ ಕಲಸಿಹೋಗುತ್ತದೆ. ಅದನ್ನು ಸರಿಪಡಿಸಲು ಬಾಗುವ ಕನ್ನಡಿಗೆ, ಅಲುಗಾಟ ಎಷ್ಟೆಂದು ಅಳೆದುಕೊಳ್ಳಲು ಪಕ್ಕದಲ್ಲೇ ಒಂದು ಪ್ರಕಾಶಮಾನ ನಕ್ಷತ್ರ ಬೇಕು, ಅದು ಬೇಕಾದ ಕಡೆಯೆಲ್ಲ ಸಿಗುವುದಿಲ್ಲ. ಹಾಗಿದ್ದರೆ ಲೇಸರಿನಿಂದ ನಾವೇ ಒಂದನ್ನು ಮಾಡಿಕೊಳ್ಳೋಣ ಎಂದು ಫ್ರಾನ್ಸಿನ ಖಗೋಳ ವಿಜ್ಞಾನಿಗಳಾದ ಫೊಯ್ ಮತ್ತು ಲಾಬೇರಿ 1985ರಲ್ಲಿ ಬರೆದರು.

ಪ್ರಯೋಗಕ್ಕೆ ಬಂದೆವು. ಲ್ಯಾಂಪ್ ಹಚ್ಚಿದ ಕೂಡಲೇ ಹಳದಿ ಬರುವುದಿಲ್ಲ. ಮೊದಲು ಒಳಗಿನ ನಿಯಾನ್‌ನಿಂದ ಕೆಂಪು ಮಿಶ್ರಿತ ಗುಲಾಬಿ, ಸೋಡಿಯಂ ಬಿಸಿಯಾಗಿ ಆವಿಯಾದಂತೆ ನಿಧಾನವಾಗಿ ಹಳದಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನಡುವೆ ಕೈಕೊಡುವುದು ಮಾಮೂಲಿ, ಮತ್ತೆ ಗುಲಾಬಿಯಿಂದಲೇ ಶುರು. ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಲ್ಯಾಂಪಿನ ಬೆಳಕು ಒಂದು ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಬೀಳುವಂತೆ ಇಟ್ಟೆ. ನಡುವೆ ಸ್ಪಿರಿಟ್ ಲ್ಯಾಂಪ್. ತಂತಿಯ ಕೊನೆಯನ್ನು ಸುತ್ತಿ ಬಳೆಯಾಗಿಸಿ, ಒದ್ದೆ ಉಪ್ಪು ಮೆತ್ತಿ ಜ್ವಾಲೆಯೊಳಗೆ ಹಿಡಿದೆವು. ಉಪ್ಪು ಮೊದಲು ಚಟಚಟ ಸಿಡಿಯುತ್ತದೆ, ಮುಖ ದೂರವಿರಲಿ.

ಹಾಳೆಯ ಮೇಲೆ ಜ್ವಾಲೆಯ ಆಕಾರದ ನೆರಳು ಬಿತ್ತು. ಬೆಂಕಿಗೆ ನೆರಳು! ಲ್ಯಾಂಪ್ ಮುಚ್ಚಿ ಎಲ್‌ಇಡಿ ಟಾರ್ಚ್ ಹಿಡಿದರೆ ಆ ಕಪ್ಪು ನೆರಳು ಇಲ್ಲ. ಜ್ವಾಲೆಯ ಸೋಡಿಯಂ ಪರಮಾಣುಗಳು ಲ್ಯಾಂಪಿನ 589 ನ್ಯಾನೋಮೀಟರ್ ತರಂಗಾಂತರದ ಹಳದಿ ಬೆಳಕನ್ನು ಹೀರಿ ಎಲ್ಲ ದಿಕ್ಕಿಗೂ ಎರಚುತ್ತವೆ, ಹಾಳೆಗೆ ತಲುಪುವುದು ಕಡಿಮೆಯಾಗುತ್ತದೆ. ನೆಲದಿಂದ ಸುಮಾರು 90 ಕಿಲೋಮೀಟರ್ ಮೇಲೆ ಸೋಡಿಯಂ ಪರಮಾಣುಗಳ ಒಂದು ಪದರವಿದೆ, ಅದೇ 589ರ ಲೇಸರ್ ಅಲ್ಲಿ ಮಾಡಿಸುವುದೂ ಇದನ್ನೇ. ಅಲ್ಲಿ ಎರಚಿದ್ದರಲ್ಲಿ ಕೆಳಕ್ಕೆ ಬಂದ ಚೂರೇ ನಮ್ಮ ‘ನಕ್ಷತ್ರ’. ಹಸಿರು ಬೆಳಕಿಗೆ ಸೋಡಿಯಂ ಹೀಗೆ ಓಗೊಡುವುದಿಲ್ಲ.

ಹಸಿರು ಲೇಸರ್ ಎಲ್ಲಿ ಕೆಲಸ ಮಾಡುತ್ತದೆ ಎಂದು ತೋರಿಸಲು ಮಡಿಕೇರಿಯ ಮಂಜಿಗಿಂತ ಒಳ್ಳೆಯ ಲ್ಯಾಬ್ ಬೇಕೆ? ಕಾರಿಡಾರಿನಲ್ಲಿ ಪಾಯಿಂಟರನ್ನು ಅಡ್ಡಡ್ಡ ಹಿಡಿದರೆ ಕಿರಣ ದಾರದಂತೆ ಕಾಣುತ್ತದೆ. ಅದು ಹನಿಗಳಿಂದ ಆದ ಚದುರುವಿಕೆ. ಗಾಳಿಯ ಅಣುಗಳೂ ಬೆಳಕನ್ನು ಚದುರಿಸುತ್ತವೆ, ಅದನ್ನೇ ನಂಬಿದ ಹಸಿರು ಲೇಸರ್‌ಗಳೂ ಇವೆ. ಆದರೆ ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಅವುಗಳ ಹೊಳಪು ಸಿಗುವುದು 10–20 ಕಿಲೋಮೀಟರ್ ಎತ್ತರದವರೆಗೆ ಮಾತ್ರ. (ಪಾಯಿಂಟರನ್ನು ಆಕಾಶಕ್ಕೆ ಹಿಡಿಯಲು ನಾನು ಬಿಡುವುದಿಲ್ಲ, ಕಣ್ಣೂರಿನ ವಿಮಾನ ನಿಲ್ದಾಣ ದೂರವೇನಲ್ಲ.)

‘ಅಷ್ಟು ಮೇಲೆ ಉಪ್ಪು ಸಮುದ್ರದಿಂದ ಹೋಯ್ತಾ?’ ಎಂದು ಒಬ್ಬಳು ಕೇಳಿದಳು. ಇಲ್ಲ, ಆ ಸೋಡಿಯಂ ಉರಿದುಹೋಗುವ ಉಲ್ಕೆಗಳಿಂದ ಬರುತ್ತದೆ. ಪದರದ ಮೇಲ್ಭಾಗದಲ್ಲಿ ಅದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗುತ್ತದೆ, ಕೆಳಗೆ ರಾಸಾಯನಿಕ ಕ್ರಿಯೆಗಳಿಂದ ಸೋಡಿಯಂ ಬೈಕಾರ್ಬೊನೇಟ್ ಆಗುತ್ತದೆ, ಅಂದರೆ ಅಡುಗೆ ಸೋಡಾ! ಹೀಗೆ ಎರಡೂ ಕಡೆ ಕಳೆದು ನಡುವೆ ಸುಮಾರು 10 ಕಿಲೋಮೀಟರ್ ದಪ್ಪದ ಪದರ ಉಳಿಯುತ್ತದೆ. ಒಂದು ಚದರ ಮೀಟರಿನ ಮೇಲೆ 4×10¹³ ಪರಮಾಣು ಎಂದಿಟ್ಟುಕೊಂಡು ಇಡೀ ಭೂಮಿಗೆ ಲೆಕ್ಕ ಹಾಕಿಸಿದೆ. ಉತ್ತರ ಒಂದು ಟನ್ನಿಗೂ ಕಡಿಮೆ. ‘ನಮ್ಮ ಪಿಕಪ್ ಇದಕ್ಕಿಂತ ಜಾಸ್ತಿ ಕಾಫಿ ಹೊರುತ್ತೆ ಸರ್’ ಎಂದ ಹಿಂದಿನ ಬೆಂಚಿನವನು.

ಇಷ್ಟು ತೆಳು ಪದರ ಒಂದೇ ಸಮನೆ ಇರುವುದೂ ಇಲ್ಲ. ಮಧ್ಯ ಅಕ್ಷಾಂಶಗಳಲ್ಲಿ ಚಳಿಗಾಲಕ್ಕೆ ಸೋಡಿಯಂ ಹೆಚ್ಚು, ಬೇಸಿಗೆಗೆ ಕಡಿಮೆ. ಕೆಲವು ರಾತ್ರಿ ಇದ್ದಕ್ಕಿದ್ದಂತೆ ಕಿರಿದಾದ ದಟ್ಟ ಪಟ್ಟಿ ಮೂಡಿ ಮಾಯವಾಗುತ್ತದೆ. ತಿರುಪತಿ ಬಳಿಯ ಗಾದಂಕಿಯಲ್ಲಿ ಲೈಡಾರ್ (ಲೇಸರ್ ಬೆಳಕು ಕಳಿಸಿ ವಾಪಸು ಬಂದದ್ದನ್ನು ಅಳೆಯುವ ಉಪಕರಣ) ಮೂಲಕ ಇದೇ ಪದರವನ್ನು ಅಳೆದಿದ್ದಾರೆ. ಲೇಸರ್ ನಕ್ಷತ್ರದ ಹೊಳಪು ಇದರ ಜೊತೆಗೇ ಏರಿಳಿಯುತ್ತದೆ. ಪದರದ ಸರಾಸರಿ ಎತ್ತರ ಸರಿದರೆ ದೂರದರ್ಶಕಕ್ಕೆ ಫೋಕಸ್ಸೇ ಕೆಟ್ಟಂತೆ ಕಾಣುತ್ತದೆ.

ನನಗೆ ಹೆಚ್ಚು ಇಷ್ಟವಾದ ಲೆಕ್ಕ ಇನ್ನೊಂದು. ಹಳೆಯ ಟ್ಯೂಬ್‌ಲೈಟನ್ನು ತುದಿಯಿಂದ ನೋಡಿದರೆ ದುಂಡಗೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಉದ್ದ. ಲೇಸರ್ ಹೊರಡುವ ಜಾಗದಿಂದ ದೂರವಿರುವ ಕನ್ನಡಿಯ ಅಂಚಿಗೂ ಪದರದೊಳಗೆ ಹೊಳೆಯುವ ಆ 10 ಕಿಲೋಮೀಟರ್ ಬೆಳಕಿನ ಕಂಬ ಹೀಗೆಯೇ ಎಳೆದಂತೆ ಕಾಣುತ್ತದೆ. ದೂರ 20 ಮೀಟರ್ ಆದರೆ 20 × 10,000 ÷ 90,000² ರೇಡಿಯನ್, ಅಂದರೆ ಸುಮಾರು 5 ಆರ್ಕ್‌ಸೆಕೆಂಡ್. (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲೊಂದು ಆರ್ಕ್‌ಸೆಕೆಂಡ್.) ಸರಿಪಡಿಸಿದ ಚಿತ್ರದಲ್ಲಿ ನಾವು ಬಯಸುವುದು 0.1ಕ್ಕಿಂತ ಕಡಿಮೆ! ಇದಲ್ಲದೆ, ಲೇಸರ್ ಹೋದ ಗಾಳಿಯಲ್ಲೇ ವಾಪಸು ಬರುವುದರಿಂದ ಚಿತ್ರ ಒಟ್ಟಾಗಿ ಎತ್ತ ವಾಲಿದೆ ಎಂಬುದೂ ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಫೋಕಸ್ಸಿಗೂ ವಾಲಿಕೆಗೂ ಮಸುಕಾದರೂ ಸರಿ, ಒಂದು ನಿಜವಾದ ನಕ್ಷತ್ರವನ್ನು ಇಂದಿಗೂ ಹುಡುಕಿಕೊಳ್ಳಬೇಕು. ಫೋಟೋದಲ್ಲಿ ಇದು ಕಾಣುವುದಿಲ್ಲ.

ಲ್ಯಾಬಿನ ಲ್ಯಾಂಪ್ ಇಲ್ಲದವರು ಹಳದಿ ಬೀದಿದೀಪದ ಬಲ್ಬು ಹುಡುಕಬೇಡಿ, ಅದರಲ್ಲಿ ನೆರಳು ಸರಿಯಾಗಿ ಬೀಳುವುದಿಲ್ಲ. ಆ ಬಲ್ಬಿನೊಳಗೆ ಒತ್ತಡ ಹೆಚ್ಚು, ಅಲ್ಲಿನ ದಟ್ಟ ಸೋಡಿಯಂ ಆವಿ ಸರಿಯಾಗಿ 589ರ ಬೆಳಕನ್ನೇ ತಾನು ನುಂಗಿಕೊಂಡು ಅಕ್ಕಪಕ್ಕದ ಬಣ್ಣಗಳನ್ನು ಹೊರಗೆ ಬಿಡುತ್ತದೆ. ಸ್ಪೆಕ್ಟ್ರೋಮೀಟರ್ ಇದ್ದರೆ ಹಳದಿಯ ನಡುವೆ ಆ ಕಪ್ಪು ಗೆರೆ ಕಾಣುತ್ತದೆ.