ಮನೆ ಹಿಂದೆ ಪೇವರ್ ಹಾಸುವುದು: ಕೆಲಸ ಇರೋದೆಲ್ಲ ಕೆಳಗೇ

ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಬಿಲ್ಲೆ) ಜೋಡಿಸೋದು ಸುಲಭ, ನೆಲ ಸಿದ್ಧ ಮಾಡೋದೇ ನಿಜವಾದ ಕೆಲಸ. ಮೊದಲು ಗೂಟ ಹೊಡೆದು ದಾರ ಕಟ್ಟಿ. ನೀರು ಗೋಡೆ ಕಡೆ ಬರಬಾರದು ಅಲ್ವಾ, ಅದಕ್ಕೆ ಮನೆಯಿಂದ ಹೊರಕ್ಕೆ ಪ್ರತಿ ಮೀಟರಿಗೆ 2 ಸೆಂ.ಮೀ. ಇಳಿಜಾರು ಬರುವಂತೆ ದಾರವನ್ನು ಇಳಿಸಿ.

ಆಮೇಲೆ ಅಗೆತ. 6 ಸೆಂ.ಮೀ. ದಪ್ಪದ ಪೇವರ್, ಅದರ ಕೆಳಗೆ ಸುಮಾರು 3 ಸೆಂ.ಮೀ. ಮರಳು, ಅದಕ್ಕೂ ಕೆಳಗೆ 10ರಿಂದ 15 ಸೆಂ.ಮೀ. ಜಲ್ಲಿ ಅಂತ ಲೆಕ್ಕ ಹಾಕಿದರೆ ಒಟ್ಟು 19ರಿಂದ 24 ಸೆಂ.ಮೀ. ಆಳ ಆಗುತ್ತದೆ. ಬೇರು, ಮೆತ್ತನೆ ಮಣ್ಣು ಪೂರ್ತಿ ತೆಗೆಯಿರಿ.

ಪುಡಿ ಬೆರೆತ ಜಲ್ಲಿಯನ್ನು ಒಂದೇ ಸಲ ಸುರಿಯಬೇಡಿ. 5 ಸೆಂ.ಮೀ. ಹಾಕಿ, ಸ್ವಲ್ಪ ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಮತ್ತೆ ಮುಂದಿನ ಪದರ. ಬಾಡಿಗೆಗೆ ಪ್ಲೇಟ್ ಕಾಂಪ್ಯಾಕ್ಟರ್ (ದಮ್ಮಸ್ಸು ಮಾಡುವ ಯಂತ್ರ) ತಂದರೆ ಸೊಂಟ ಉಳಿಯುತ್ತದೆ. ಹಿಮ್ಮಡಿಯಿಂದ ಜೋರಾಗಿ ತುಳಿದರೂ ಗುರುತು ಬೀಳಬಾರದು.

ಗಟ್ಟಿಯಾದ ಜಲ್ಲಿಯ ಮೇಲೆ ಎರಡು ಪೈಪ್ ಇಟ್ಟು, ಮರಳು ಹರಡಿ, ಉದ್ದ ಪಟ್ಟಿಯನ್ನು ಅವುಗಳ ಮೇಲೆ ಎಳೆದು ಸಮ ಮಾಡಿ. ಪೈಪ್ ತೆಗೆದ ಜಾಗಕ್ಕೆ ಮರಳು ತುಂಬಿ. ಇನ್ನು ಅದರ ಮೇಲೆ ಓಡಾಡಬೇಡಿ, ಹಾಸಿದ ಪೇವರ್ ಮೇಲೆ ನಿಂತೇ ಮುಂದೆ ಹೋಗಿ. ನೇರ ಅಂಚಿನಿಂದ ಶುರು ಮಾಡಿ, 2-3 ಮಿ.ಮೀ. ಸಂದು ಬಿಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ.

ಸುತ್ತ ಕಾಂಕ್ರೀಟ್ ಅಂಚು ಬೇಕೇ ಬೇಕು, ಇಲ್ಲದಿದ್ದರೆ ಸಾಲುಗಳು ನಿಧಾನಕ್ಕೆ ಹೊರಗೆ ಜಾರುತ್ತವೆ. ಅಂಚು ಗಟ್ಟಿಯಾದ ಮೇಲೆ ಒಣ ಸಣ್ಣ ಮರಳು ಗುಡಿಸಿ ಸಂದಿಗೆ ಇಳಿಸಿ, ತಳಕ್ಕೆ ರಬ್ಬರ್ ಹಾಳೆ ಕಟ್ಟಿದ ಕಾಂಪ್ಯಾಕ್ಟರ್ ಓಡಿಸಿ, ಕುಸಿದ ಕಡೆ ಮತ್ತೆ ಮರಳು ತುಂಬಿ.